ಪೂಜೆಗೆ ಪಟ್ಟಿ ಬಿಚ್ಚುತ್ತಾರೆ ಎಂದಿದ್ದೆ

ಸಂಡೂರಿನ ಗುಡ್ಡಗಳ ನಡುವಿನ ಕಂಡಿಯನ್ನು ನಾನು ಮೊದಲ ಸಲ ದಾಟಿದ್ದು ಅರೆನಿದ್ದೆಯಲ್ಲಿ. ಹಿಂದಿನ ದಿನ ಹೊಸಪೇಟೆ ಬಿಟ್ಟು, ದಾರಿಯ ಹಳ್ಳಿಯೊಂದರಲ್ಲಿ ತಂಗಿ, ನಸುಕಿನಲ್ಲಿ ಮತ್ತೆ ಬಂಡಿ ಹೂಡಿದ್ದೆವು. ಔಷಧದ ಪೆಟ್ಟಿಗೆಗಳ ನಡುವೆ ಕಾಲು ಮಡಚಿ ಕುಳಿತಿದ್ದ ನನಗೆ ಎತ್ತುಗಳ ಕೊರಳ ಗಂಟೆ ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳುತ್ತಿತ್ತು. ಎರಡೂ ಕಡೆ ಬಂಡೆಗಳು ಮಂಜಿನೊಳಗಿಂದ ಎದ್ದು ಬಂದು, ನಮ್ಮನ್ನು ನೋಡಿ, ಮತ್ತೆ ಮಂಜಿನೊಳಕ್ಕೆ ಸರಿಯುತ್ತಿದ್ದವು. ಬಿಸಿಲು ಬಿದ್ದು ಪೂರ್ತಿ ಎಚ್ಚರವಾದಾಗ ನಮ್ಮ ಬಿಳಿ ಎತ್ತುಗಳು ಕೆಂಪಾಗಿದ್ದವು. ನನ್ನ ಅಂಗಿಯೂ ಕೆಂಪು. ಮುಂದಿನ ಬಂಡಿಯಲ್ಲಿದ್ದ ದೊರೆಸಾನಿಯರ ಬಿಳಿ ಟೋಪಿಗಳೂ ಕೆಂಪು. ಅದಿರಿನ ಸೀಮೆಯ ಧೂಳು ಹಾಗೆ. ಇದೆಲ್ಲ ನಡೆದು ಎಷ್ಟೋ ವರ್ಷವಾಯಿತು. ಇಂದಿಗೂ ಆ ದಿನಗಳು ನೆನಪಾಗುವಾಗ ಮೊದಲು ಬಣ್ಣ ಬರುತ್ತದೆ, ಮಾತು ಆಮೇಲೆ.

ನಮ್ಮದು ಕಂಪ್ಲಿಯ ಗಾಣಿಗರ ಮನೆ. ತಲೆತಲಾಂತರದಿಂದ ಎಣ್ಣೆ ತೆಗೆದವರು. ಆ ವಂಶದಲ್ಲಿ ಮೊದಲು ಬಿ.ಎ. ಪಾಸು ಮಾಡಿದವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಳ್ಳಾರಿಯಲ್ಲಿ ವಾರಾನ್ನ ಉಂಡು ಹೈಸ್ಕೂಲು ಮುಗಿಸಿದೆ. ಮದರಾಸಿನಲ್ಲಿ ಬೇರೆಯವರ ಪುಸ್ತಕಗಳನ್ನು ಕೈಬರಹದಲ್ಲಿ ನಕಲು ಮಾಡಿಕೊಂಡು ಓದಿದೆ. ಊರಿಗೆ ಹಿಂತಿರುಗಿದಾಗ ಅಪ್ಪ ನನ್ನನ್ನು ಗಾಣದ ಹತ್ತಿರ ಸುಳಿಯಗೊಡಲಿಲ್ಲ. ಬಿ.ಎ. ಮೈಗೆ ಎಣ್ಣೆ ಹತ್ತಬಾರದು ಎಂಬುದು ಅವನ ಲೆಕ್ಕ. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತ, ಹೊಳೆಯ ದಂಡೆಯಲ್ಲಿ ಓಡಾಡುತ್ತ ಕಾಲ ಕಳೆಯುತ್ತಿದ್ದೆ.

ಆ ಚಳಿಗಾಲದಲ್ಲಿ ಕಂಪ್ಲಿಗೆ ಇಬ್ಬರು ದೊರೆಸಾನಿಯರು ಬಂದರು. ಒಬ್ಬರು ಕಣ್ಣಿನ ಡಾಕ್ಟರು, ಒಬ್ಬರು ನರ್ಸು. ತಮ್ಮ ದೇಶದ ಆಸ್ಪತ್ರೆಯಲ್ಲಿ ಮೂರು ತಿಂಗಳ ರಜೆ ಪಡೆದು, ತಮ್ಮ ಚರ್ಚಿನ ಸಭೆಯವರ ಹರಕೆ ಹೊತ್ತು, ಹಡಗು ಹತ್ತಿ ಬಂದವರು. ಸಂಬಳವಿಲ್ಲ. ಊರೂರು ತಿರುಗಿ ಕಣ್ಣಿನ ಪೊರೆ ತೆಗೆಯುವುದು, ಬೆಳಗ್ಗೆ ಸಂಜೆ ಏಸುವಿನ ಪ್ರಾರ್ಥನೆ ಮಾಡುವುದು, ಇಷ್ಟೇ ಅವರ ಕೆಲಸ. ಮದರಾಸಿನಿಂದ ಅವರ ಜೊತೆ ಬಂದಿದ್ದ ದುಭಾಷಿಗೆ ಜ್ವರ ಬಂದು ಅವನು ವಾಪಸು ಹೋಗಿದ್ದ. ಇಂಗ್ಲಿಷ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿಸಿದಾಗ ಊರಿನವರು ನನ್ನ ಕಡೆ ಕೈ ತೋರಿಸಿದರು. ನಾನೂ ಸಂಬಳವಿಲ್ಲದೆ ಒಪ್ಪಿದೆ. ನಿಜ ಹೇಳಬೇಕೆಂದರೆ ಸೇವೆಯ ಮನಸ್ಸಿಗಿಂತ, ಕಷ್ಟಪಟ್ಟು ಕಲಿತ ಇಂಗ್ಲಿಷನ್ನು ನಾಲ್ಕು ಜನರ ಮುಂದೆ ಆಡುವ ಆಸೆಯೇ ದೊಡ್ಡದಾಗಿತ್ತು.

ಸಂಡೂರು ಬೇರೆ ರಾಜರ ಸೀಮೆ. ಕುಂಪಣಿಯ ಕಾಲದಿಂದಲೂ ಅದು ಮದರಾಸು ಸರ್ಕಾರದ ಕೈಗೆ ಸಿಕ್ಕಿದ್ದಲ್ಲ. ಹಾಗಾಗಿ ನಾನು ಹೊರಟಾಗ ಓಣಿಯವರು ಗಾಣಿಗರ ಹುಡುಗ ಪರದೇಶಕ್ಕೆ ಹೊರಟ ಎಂದು ನಕ್ಕರು. ಅಪ್ಪನಿಗೆ ಬೇರೆಯೇ ಭಯ. ಬಂಡಿಯ ಗಾಲಿಯ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ, "ಅವರ ಅನ್ನ ಉಣ್ಣು, ಬ್ಯಾಡನ್ನಂಗಿಲ್ಲ. ಕೊರಳಾಗಿಂದು ಮಾತ್ರ ಬಿಡಬ್ಯಾಡ."

ಕೊರಳಲ್ಲಿದ್ದುದನ್ನು ನಾನು ಮದರಾಸಿನಲ್ಲೇ ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಎರಡು ವರ್ಷದಿಂದ ಲಿಂಗಪೂಜೆ ಮಾಡಿರಲಿಲ್ಲ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ.

ಬುಕ್ಕಸಾಗರದ ಭತ್ತದ ಗದ್ದೆಗಳ ಪಕ್ಕ ಹಾಯ್ದು, ಹಂಪಿಯ ಕಲ್ಲುಗಳ ನಡುವೆ ಒಂದು ಮಧ್ಯಾಹ್ನ ನಿಂತೆವು. ಡಾಕ್ಟರಮ್ಮ ಒಂದು ಮುರುಕು ಮಂಟಪದ ನೆರಳಲ್ಲಿ ಕುಳಿತು, ಇದು ಯಾವ ಊರು ಎಂದು ಕೇಳಿದರು. ಹೇಳಿದೆ. ಇಲ್ಲಿ ಯಾರಿದ್ದಾರೆ ಎಂದರು. ಯಾರೂ ಇಲ್ಲ ಎಂದೆ. ಅಷ್ಟರಲ್ಲಿ ಮಂಟಪದ ಹಿಂದಿನಿಂದ ಕುರಿಮಂದೆ ಬಂತು, ಅದರ ಹಿಂದೆ ಕಣ್ಣಿಗೆ ಕೈ ಅಡ್ಡ ಹಿಡಿದ ಒಬ್ಬ ಮುದುಕ. ಡಾಕ್ಟರಮ್ಮ ನನ್ನನ್ನು ನೋಡಿ ನಕ್ಕು, ಪೆಟ್ಟಿಗೆ ತೆಗೆದರು. ಅವರಿಗೆ ಸುಸ್ತು ಎಂಬುದೇ ಇರಲಿಲ್ಲ.

ಸಂಡೂರಿನಲ್ಲಿ ಸಂಸ್ಥಾನದವರು ಊರ ಹೊರಗೆ ಹಳ್ಳದ ದಂಡೆಯ ಮೇಲೆ ಒಂದು ಹಳೆಯ ಕಲ್ಲಿನ ಚಾವಡಿ ಕೊಟ್ಟರು. ಹೊರಗೆ ಹುಣಸೆಮರ. ಚಾವಡಿಯ ಒಂದು ಭಾಗಕ್ಕೆ ಬಟ್ಟೆ ಕಟ್ಟಿ ಆಪರೇಷನ್ ಕೋಣೆ ಮಾಡಿದೆವು. ಉಳಿದದ್ದರಲ್ಲಿ ಸಾಲಾಗಿ ಹಗ್ಗದ ಮಂಚ. ನರ್ಸಮ್ಮ ಪಟ್ಟಿಯ ಬಟ್ಟೆಗಳನ್ನು ಕುದಿಸಿ, ಒಗೆದು, ಹಗ್ಗದ ಮೇಲೆ ಹಾಕುತ್ತಿದ್ದರು. ಒಣಗುವಷ್ಟರಲ್ಲಿ ಅವು ದಾಸವಾಳದ ಎಸಳಿನ ಬಣ್ಣಕ್ಕೆ ತಿರುಗುತ್ತಿದ್ದವು. ಗುಡ್ಡದಿಂದ ಅದಿರು ಹೇರಿಕೊಂಡು ಬಂಡಿಗಳು ಇಳಿಯುವ ಹೊತ್ತಿನಲ್ಲಂತೂ ಇಡೀ ಚಾವಡಿ ಕೆಂಪು ಬೆಳಕಿನಲ್ಲಿ ತೇಲಿದಂತೆ ಇರುತ್ತಿತ್ತು. ಆ ಬೆಳಕಿನಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದವರು, ತಲೆಯ ಆಚೆ ಈಚೆ ಉಸುಕಿನ ಚೀಲ. ಯಾರೂ ಅಲುಗುವಂತಿಲ್ಲ, ಕೆಮ್ಮುವಂತಿಲ್ಲ. ಮಾತು ಕೂಡ ಪಿಸುಮಾತು. ನಾನು ಆ ಸಾಲಿನ ನಡುವೆ ನಡೆಯುವಾಗ ಯಾರದೋ ಕನಸಿನೊಳಗೆ ಚಪ್ಪಲಿ ಮೆಟ್ಟಿ ಹೊಕ್ಕಂತೆ ಅನಿಸುತ್ತಿತ್ತು.

ಡಾಕ್ಟರಮ್ಮನ ಕಟ್ಟಳೆ ಒಂದೇ. ಕತ್ತಿ ಮುಟ್ಟುವ ಮೊದಲು ರೋಗಿಗೆ ಎಲ್ಲವನ್ನೂ ಹೇಳಬೇಕು: ಎಂಟು ದಿನ ಎರಡೂ ಕಣ್ಣಿಗೆ ಪಟ್ಟಿ, ಎಂಟು ದಿನ ಅಂಗಾತ, ನಡುವೆ ಬಿಚ್ಚಿದರೆ ಕಣ್ಣು ಹೋದೀತು. ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇಡ. ಮೊದಲ ದಿನ ನಾನು ಎಲ್ಲವನ್ನೂ ಹೇಳಿದೆ. ಇಬ್ಬರು ಕೇಳಿ, ಧೋತರ ಕೊಡವಿಕೊಂಡು ಎದ್ದು ಹೋದರು. ಅವರ ಬೆನ್ನು ನೋಡುತ್ತ ನಿಂತ ಡಾಕ್ಟರಮ್ಮನ ಮುಖದಲ್ಲಿ ಬೇಸರವಿರಲಿಲ್ಲ. ನಾಚಿಕೆಯಾದದ್ದು ನನಗೆ. ಸಮುದ್ರ ದಾಟಿ ಬಂದವರ ಮುಂದೆ ನಮ್ಮ ಜನ ಹೀಗೆ ಎದ್ದು ಹೋಗುವುದೆಂದರೆ ನನ್ನ ಬಿ.ಎ.ಗೇ ಅವಮಾನ ಎನಿಸಿತು.

ಮರುದಿನ ಬಂದವಳು ಐವತ್ತರ ಆಸುಪಾಸಿನ ಹೆಂಗಸು, ಜೊತೆಗೆ ಅವಳ ತಂಗಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅದಿರಿನ ಕೂಲಿಗಳಿಗೆ ಜೋಳದ ರೊಟ್ಟಿ ಬಡಿದು ಹಾಕಿ ಇಬ್ಬರೂ ಜೀವನ ಮಾಡುತ್ತಿದ್ದರು. ಅಕ್ಕನ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಒಂದು ಕಣ್ಣಿಗೆ ಹಾಲಿನಂಥ ಪೊರೆ. ರೊಟ್ಟಿ ಬೆಂದದ್ದು ವಾಸನೆಯಿಂದ ತಿಳಿಯುತ್ತದೆ, ಅದಕ್ಕೆ ಕಣ್ಣು ಬೇಕಿಲ್ಲ ಎಂದಳು. ಮತ್ತೆ ಯಾತಕ್ಕೆ ಬಂದೆ ಎಂದು ಡಾಕ್ಟರಮ್ಮ ಕೇಳಿದರು. ಅವಳು ಸೆರಗಿನೊಳಗಿಂದ ಬೆಳ್ಳಿಯ ಕರಡಿಗೆ ತೆಗೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು.

"ದಿನಾ ಇದನ್ನ ನೋಡಿ ಆಮ್ಯಾಲ ನೀರು ಕುಡಿಯಾಕಿ ನಾನು. ಈಗ ಅಂಗೈಯಾಗ ಬರೇ ಮೋಡ ಕಾಣ್ತದ. ಮೋಡಕ್ಕ ಎಷ್ಟು ದಿನ ಕೈಮುಗೀಲಿ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೋಡದ ಮಾತು ಕೇಳಿ ಡಾಕ್ಟರಮ್ಮ ಅವಳ ಅಂಗೈಯತ್ತ ಬಗ್ಗಿ ನೋಡಿದರು. ಚೆನ್ನಾಗಿ ತಿರುಗಿಸಿದೆ ಎಂದು ಆಮೇಲೆ ನನ್ನನ್ನು ಹೊಗಳಿದರು. ನಂತರ ಎಂದಿನ ಕರಾರು ಹೇಳಲು ತಿಳಿಸಿದರು. ಎಂಟು ದಿನ ಮಲಗಬೇಕು ಎಂದೆ, ಒಪ್ಪಿದಳು. ಪಟ್ಟಿ ಕಟ್ಟುತ್ತಾರೆ ಎಂದೆ, ಒಪ್ಪಿದಳು.

"ಪೂಜಿ ಹೊತ್ತಿಗೆ ಬಿಚ್ಚತಾರಲ್ಲ ತಮ್ಮಾ?"

ನಾನು ಲಿಂಗವಂತರ ಮನೆಯವನು; ಬಂದಾಗಲೇ ತಂಗಿ ಅದನ್ನು ಕೇಳಿ ತಿಳಿದುಕೊಂಡಿದ್ದಳು. ಆ ಪ್ರಶ್ನೆಯ ತೂಕ ದೊರೆಸಾನಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಿತ್ತು. ಇಲ್ಲ ಎಂದರೆ ಇವಳೂ ಎದ್ದು ಹೋಗುತ್ತಾಳೆ. ಎಂಟು ದಿನ ಪೂಜೆ ಬಿಟ್ಟರೆ ಏನಾಗುತ್ತದೆ, ನಾನು ಎರಡು ವರ್ಷ ಬಿಟ್ಟಿಲ್ಲವೇ ಎಂದುಕೊಂಡೆ.

"ಬಿಚ್ಚತಾರ, ಯವ್ವಾ" ಎಂದೆ.

ಡಾಕ್ಟರಮ್ಮ ಅವಳೇನು ಕೇಳಿದಳು ಎಂದರು. ಎಲ್ಲಕ್ಕೂ ಒಪ್ಪಿದ್ದಾಳೆ ಎಂದೆ. ಎರಡು ಭಾಷೆಗಳ ನಡುವೆ ನಿಂತವನು ಎಷ್ಟು ಸಲೀಸಾಗಿ ಇಬ್ಬರಿಗೂ ಮೋಸ ಮಾಡಬಹುದು ಎಂದು ಆ ಕ್ಷಣ ನನಗೆ ಹೊಳೆಯಲೂ ಇಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕರಡಿಗೆಯನ್ನು ಮೈಮೇಲಿಂದ ತೆಗೆಯಲು ಅವಳು ಒಪ್ಪಲಿಲ್ಲ. ಡಾಕ್ಟರಮ್ಮ ಅದರ ಮೇಲೆ ಕುದಿಸಿದ ಬಟ್ಟೆ ಮುಚ್ಚಿ ಕೆಲಸ ಮಾಡಿದರು. ಮರುದಿನ ಬೆಳಗ್ಗೆ ನನ್ನ ಹೆಜ್ಜೆ ಕೇಳಿ ಅವಳೇ ಕರೆದು, ಈಗ ಬಿಚ್ಚಿಸು ಎಂದಳು. ಮಧ್ಯಾಹ್ನ ಎಂದೆ. ಮಧ್ಯಾಹ್ನ ಕೇಳಿದಾಗ ಸಂಜೆ ಎಂದೆ. ಸಂಜೆ ಅವಳು ಏನನ್ನೂ ಕೇಳಲಿಲ್ಲ. ಮಲಗಿದಲ್ಲೇ ಎಡಗೈಯನ್ನು ಎದೆಯ ಮೇಲೆ ಬಿಡಿಸಿ ಇಟ್ಟುಕೊಂಡಿದ್ದಳು. ಖಾಲಿ ಅಂಗೈ. ಚಾವಡಿಯ ಕೆಂಪು ಬೆಳಕು ಅದರಲ್ಲಿ ಸ್ವಲ್ಪ ಹೊತ್ತು ನಿಂತು ಆರಿತು.

ಎರಡನೆಯ ದಿನ ಬೆಳಗ್ಗೆ ತಂಗಿ ನನ್ನನ್ನು ಹುಣಸೆಮರದ ಹತ್ತಿರ ಕರೆದಳು. ಅಕ್ಕ ಗಂಜಿ ಕುಡಿದಳೆಂದು ನರ್ಸಮ್ಮನಿಗೆ ತಾನು ಸುಳ್ಳು ಸನ್ನೆ ಮಾಡಿದ್ದಾಗಿಯೂ, ಆಪರೇಷನ್ ಆದಾಗಿನಿಂದ ಅವಳು ಒಂದು ಗುಟುಕು ನೀರೂ ಮುಟ್ಟಿಲ್ಲವೆಂದೂ ಹೇಳಿದಳು.

"ನಸಿಕಿನ್ಯಾಗ ಕೈ ಪಟ್ಟಿಗೆ ಹೋಗಿತ್ತು. ನಾನು ಹಿಡಕೊಂಡೆ. ನಾಳಿ ನನಗ ನಿದ್ದಿ ಹತ್ತಿದ್ರ?"

ಅಕ್ಕನಿಗೆ ಇದ್ದದ್ದೇ ಒಂದು ಕಣ್ಣು.

ಡಾಕ್ಟರಮ್ಮನ ಬಳಿ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಬೈಯಲಿಲ್ಲ. ಅವಳು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಕನ್ನಡದಲ್ಲಿ ಒಮ್ಮೆ ಆಡಿ ತೋರಿಸು ಎಂದರು. ಆಡಿ ತೋರಿಸಿದೆ. ಮತ್ತೆ ಇಂಗ್ಲಿಷಿನಲ್ಲಿ ಹೇಳು ಎಂದರು. ಹೇಳಿದೆ. ಹಾಗಾದರೆ ಅವಳಿಗೆ ಸುಳ್ಳು ಹೇಳಿದವಳು ನಾನು, ನಿನ್ನ ಬಾಯಿಂದ ಹೋಗುವುದು ನನ್ನ ಮಾತಲ್ಲವೇ, ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಬ್ಬರೂ ಮಂಚದ ಬಳಿ ಹೋದೆವು. ಡಾಕ್ಟರಮ್ಮ ನೆಲದ ಮೇಲೆ ಕುಳಿತು ಒಂದೊಂದೇ ವಾಕ್ಯ ಹೇಳಿದರು, ನಾನು ಒಂದೊಂದನ್ನೇ ದಾಟಿಸಿದೆ. ಎಂಟು ದಿನ ಪಟ್ಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಕಣ್ಣು ಉಳಿಯುವ ಭರವಸೆ ಇಲ್ಲ. ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು. ಆ ಕೊನೆಯ ಮಾತನ್ನು ಮಾತ್ರ ನಾನು ಬದಲಿಸಿ, ನನ್ನ ತಪ್ಪು ಎಂದೆ.

ಅವಳ ತುಟಿ ಒಣಗಿ ಬಿರಿದಿದ್ದವು.

"ನೀನು ಲಿಂಗವಂತ ಅಂತ ನನ್ನ ತಂಗಿ ಹೇಳಿದ್ಲು" ಎಂದಳು. "ಅದಕ್ಕ ನಂಬಿದ್ದೆ. ದೊರೆಸಾನಿಗೆ ತಿಳೀದಿದ್ರೂ ಇವಗ ತಿಳಿತದ ಅಂತ."

ಆಮೇಲೆ, ಅಯ್ಯನವರು ಏನು ಹೇಳುತ್ತಾರೋ ಹಾಗೆ ಎಂದಳು. ಅವಳ ಮನೆತನದ ಜಂಗಮರು ಗುಡ್ಡದ ಆಚೆ ಒಂದು ಹಳ್ಳಿಯ ಮಠದಲ್ಲಿದ್ದರು. ನಾನು ಆಗಲೇ ಹೊರಟೆ.

ಆ ದಾರಿ ಇಂದಿಗೂ ನನಗೆ ನಿಜವಾಗಿ ನಡೆದದ್ದೋ ಅಲ್ಲವೋ ಎನಿಸುತ್ತದೆ. ಕೆಂಪು ಕಾಲುದಾರಿ, ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ತುದಿಯಲ್ಲೆಲ್ಲ ಇಬ್ಬನಿ. ಎಲ್ಲಿಂದಲೋ ಅದಿರು ಒಡೆಯುವ ಸುತ್ತಿಗೆಯ ಸದ್ದು; ಯಾವ ಗುಡ್ಡದಿಂದ ಎಂದು ತಿಳಿಯದು. ಒಂದು ಕಡೆ ಕುಡಿಯಲು ಹಳ್ಳಕ್ಕೆ ಬಗ್ಗಿದೆ. ಬೊಗಸೆ ಬಾಯಿಯವರೆಗೆ ಬಂದು ನಿಂತಿತು. ಅವಳ ಒಡೆದ ತುಟಿ ಕಣ್ಣಿಗೆ ಕಟ್ಟಿತು. ನೀರನ್ನು ಚೆಲ್ಲಿ ನಡೆದೆ. ಇದರಿಂದ ಅವಳಿಗೆ ಏನೂ ಪ್ರಯೋಜನವಿಲ್ಲ ಎಂದು ಬಿ.ಎ. ಓದಿದವನಿಗೆ ಗೊತ್ತಿತ್ತು. ಆದರೂ ಕುಡಿಯಲಾಗಲಿಲ್ಲ.

ಅಯ್ಯನವರು ಮಠದ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸಣಕಲು ಮೈ, ನಗುವ ಕಣ್ಣು. ಎಲ್ಲವನ್ನೂ ಕೇಳಿದ ಮೇಲೆ, ನೀನು ಯಾರ ಪೈಕಿ ಎಂದರು. ಕಂಪ್ಲಿಯ ಗಾಣಿಗರು ಎಂದೆ.

"ಕೊರಳಾಗ ಏನೂ ಕಾಣವಲ್ದಲ್ಲ?"

"ಪೆಟ್ಟಿಗ್ಯಾಗ ಐತ್ರಿ, ಅಯ್ಯಾರ."

"ಹಂಗಾರ ಪೂಜಿ ಪೆಟ್ಟಿಗಿ ಮಾಡ್ತದೇನು?" ಎಂದು ಜೋರಾಗಿ ನಕ್ಕರು. ನನಗೆ ನಗಲಾಗಲಿಲ್ಲ. ಅವರು ನಗು ನಿಲ್ಲಿಸಿ, ಕಿರಿಸ್ತಾನರ ಬಿಡಾರಕ್ಕೆ ಹೋದರೆ ಊರಿನವರು ಏನೆಂದಾರು ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. ಹೊರಗೆ ಮರದ ಕೆಳಗೆ ನಿಂತು ಹೇಳಿ ಬರುವುದು, ಒಳಗೆ ಕಾಲಿಡುವುದಿಲ್ಲ ಎಂದು ಕರಾರು ಮಾಡಿ, ಬೆತ್ತ ಹಿಡಿದು ಎದ್ದರು.

ಮರದ ಕೆಳಗೆ ನಿಂತದ್ದು ಹೌದು. ಅಲ್ಲಿಂದ ಮಂಚದ ಸಾಲು ಕಂಡಿತು. ಉಸುಕಿನ ಚೀಲಗಳ ನಡುವೆ ಅವಳ ಮುಖ ಕಂಡಿತು. ಬೆತ್ತವನ್ನು ಮರಕ್ಕೆ ಒರಗಿಸಿ ಸೀದಾ ಒಳಗೆ ನಡೆದರು.

"ಲಿಂಗ ಅಂಗೈಗೆ ತಗೋ, ಮಗಳ" ಎಂದರು. "ಬಲಗೈ ಬೆರಳಿನಾಗ ಮುಟ್ಟು. ರೋಗಕ್ಕ ಬಿದ್ದಾಗ ಮುಟ್ಟಿದ್ದೂ ನೋಡಿದ್ದೂ ಒಂದ. ಇದು ನನ್ನ ಮಾತಲ್ಲ, ನಮ್ಮ ಹಿರಿಯರಿಂದ ಬಂದದ್ದು. ಎಂಟು ದಿನ ನಿನಗ ಇದ ಪೂಜಿ."

ಅವಳು ಮಲಗಿದಲ್ಲೇ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ತಂಗಿ ವಿಭೂತಿ ಕೊಟ್ಟಳು. ಅವಳ ಬೆರಳು ಕುರುಡರ ಬೆರಳಿನಂತೆ ಇರಲಿಲ್ಲ. ತವೆಯ ಮೇಲಿನ ರೊಟ್ಟಿ ತಿರುವುವ ಹೆಂಗಸಿನ ಬೆರಳು, ಅವಸರವಿಲ್ಲದ್ದು. ಆದರೆ ನೀರು ಮುಟ್ಟುವ ಮೊದಲು ಅವಳಿಗೆ ಪಾದೋದಕ ಬೇಕಿತ್ತು, ಅಯ್ಯನವರ ಪಾದ ತೊಳೆದ ನೀರು. ಡಾಕ್ಟರಮ್ಮ ಏನು ನಡೆಯುತ್ತಿದೆ ಎಂದು ಕೇಳಿದರು. ಈ ಸಲ ನಾನು ಒಂದು ಅಕ್ಷರವನ್ನೂ ಬಿಡಲಿಲ್ಲ. ನರ್ಸಮ್ಮನ ಮುಖ ಬಿಳಿಚಿತು. ಡಾಕ್ಟರಮ್ಮ ಯೋಚಿಸಿ, ನೀರು ಕುದಿಸಿ ಆರಿಸಿದ್ದಾಗಿರಲಿ, ಪಾದಕ್ಕೆ ಮೊದಲು ಸೋಪು ಹಾಕಿ ತೊಳೆಯಲಿ, ಆಮೇಲೆ ಅವರ ಪದ್ಧತಿ ಎಂದರು.

ಇದನ್ನು ಅಯ್ಯನವರಿಗೆ ಹೇಳುವುದು ಸುಲಭವಿರಲಿಲ್ಲ. ಆದರೂ ಇದ್ದಂತೆಯೇ ಹೇಳಿದೆ. ಅವರು ಸೋಪನ್ನು ಮೂಗಿಗೆ ಹಿಡಿದು ನೋಡಿದರು.

"ಕಾದ ನೀರೂ ನೀರ. ಹುಟ್ಟಿದಾಗಿಂದ ಈ ಕಾಲಿಗೆ ಇಷ್ಟು ಉಪಚಾರ ಆಗಿರಲಿಲ್ಲ ಬಿಡು" ಎಂದು ಕಲ್ಲಿನ ಮೇಲೆ ಕುಳಿತು, ಎರಡೆರಡು ಸಲ ನೊರೆ ಬರಿಸಿ ತೊಳೆದರು. ಅದಾದ ಮೇಲೆ ತಂಗಿ ಪಾದಪೂಜೆ ಮಾಡಿ ಬಟ್ಟಲಲ್ಲಿ ನೀರು ತಂದಳು. ಮೂರು ಗುಟುಕು. ನಂತರ ನರ್ಸಮ್ಮ ಗಂಜಿ ಕೊಟ್ಟರು. ಅವಳ ಗಂಟಲು ಏರಿಳಿಯುವುದನ್ನು ಡಾಕ್ಟರಮ್ಮ ಪ್ರಾರ್ಥನೆಯಲ್ಲಿ ನಿಂತವರಂತೆ ನೋಡುತ್ತಿದ್ದರು.

ಉಳಿದ ದಿನಗಳು ಮೆಲ್ಲಗೆ ಸರಿದವು. ಬೆಳಗ್ಗೆ ಒಂದು ಮೂಲೆಯಲ್ಲಿ ಇಬ್ಬರು ದೊರೆಸಾನಿಯರು ತಮ್ಮ ಹಾಡು ಹೇಳುತ್ತಿದ್ದರು. ಅದೇ ಹೊತ್ತಿಗೆ ಮಂಚದ ಮೇಲೆ ಅವಳ ಬೆರಳು ಅಂಗೈಯಲ್ಲಿ ಸುತ್ತುತ್ತಿತ್ತು. ಆಚೆ ಹಳ್ಳದ ನೀರಿನ ಸದ್ದು. ಪಟ್ಟಿಯ ಒಳಗೆ ಕಣ್ಣು ಉಳಿದಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಆ ನಸುಕಿನಲ್ಲಿ ಅವಳ ಕೈ ಪಟ್ಟಿಯನ್ನು ಎಷ್ಟು ಸರಿಸಿತ್ತು ಎಂಬುದು ತಂಗಿಗೂ ಗೊತ್ತಿರಲಿಲ್ಲ. ಅಕ್ಕ ನನ್ನೊಡನೆ ಮಾತಾಡಲಿಲ್ಲ. ನನ್ನ ಹೆಜ್ಜೆಯ ಸದ್ದು ಬಂದರೆ ತುಟಿ ಬಿಗಿಯುತ್ತಿದ್ದಳು.

ಎಂಟನೆಯ ದಿನ ಹೊತ್ತು ಏರುವ ಮೊದಲು ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಪದರ ಪದರವಾಗಿ, ಕೆಂಪು ಛಾಯೆಯ ಬಟ್ಟೆ. ಕಣ್ಣು ತೆರೆಯಿತು. ಡಾಕ್ಟರಮ್ಮ ಕೈ ಮೇಲೆತ್ತಿದರು. ಎಷ್ಟು ಬೆರಳು ಎಂದು ನಾನು ಕೇಳುವ ಮೊದಲೇ ಅವಳು ಎರಡು ಎಂದಳು. ಕಣ್ಣು ಉಳಿದಿತ್ತು. ಸ್ಪಷ್ಟವಾಗಿ ಕಾಣಲು ದಪ್ಪ ಕನ್ನಡಕ ಬೇಕು ಎಂದು ಹೇಳಿ, ಡಾಕ್ಟರಮ್ಮ ಪೆಟ್ಟಿಗೆಯಿಂದ ಒಂದು ಗಾಜನ್ನು ತೆಗೆದು ಅವಳ ಕಣ್ಣಿನ ಮುಂದೆ ಹಿಡಿದರು. ಬೆಳಕಿಗೆ ಅಡ್ಡ ನಿಂತವರನ್ನೆಲ್ಲ ಅವಳು ಕೈಯಿಂದ ಸರಿಸಿದಳು. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

ಬಹಳ ಹೊತ್ತು ನೋಡಿದಳು. ಅವಳ ಮುಖ ಬಿಗಿಯಿತು.

"ಇದು ನಂದಲ್ಲ" ಎಂದಳು. "ನಂದು ಇಷ್ಟು ದೊಡ್ಡದಿರಲಿಲ್ಲ. ಕಣ್ಣು ಕಟ್ಟಿದಾಗ ಯಾರು ಬದಲು ಮಾಡಿದ್ರಿ?"

ಗಾಜಿನ ಗುಣ ಅದು, ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅದನ್ನು ನಾನು ಹೇಳಿದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಇವನ ಮಾತು ಬ್ಯಾಡ" ಎಂದಳು ತಂಗಿಗೆ.

ಯಾರೂ ಬದಲು ಮಾಡಿಲ್ಲ ಎಂದು ತಂಗಿ ಆಣೆ ಮಾಡಿದಳು. ಅದೂ ಸಾಲಲಿಲ್ಲ. ಡಾಕ್ಟರಮ್ಮ ಏನು ಹೇಳಿದರೂ ನನ್ನ ಬಾಯಿಂದಲೇ ಬರಬೇಕು, ನನ್ನ ಬಾಯಿಂದ ಬಂದದ್ದಕ್ಕೆ ಬೆಲೆಯಿಲ್ಲ. ನಾನು ಪಡೆದ ಪದವಿ, ಕಲಿತ ಇಂಗ್ಲಿಷ್, ಎಲ್ಲವೂ ಆ ಮಂಚದ ಕಾಲಿನ ಬಳಿ ಕೆಲಸಕ್ಕೆ ಬಾರದೆ ನಿಂತಿದ್ದವು. ನಾನು ಹಿಂದೆ ಸರಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಗಾಜನ್ನು ಪಕ್ಕಕ್ಕೆ ಸರಿಸಿ, ಆ ಹೊಸ ಕಣ್ಣನ್ನು ಮುಚ್ಚಿದಳು. ಬಲಗೈ ಬೆರಳನ್ನು ಅಂಗೈಗೆ ತಂದು ಮೆಲ್ಲಗೆ ಒಂದು ಸುತ್ತು ಹಾಕಿದಳು. ಎಂಟು ದಿನ ಮುಟ್ಟಿ ಮುಟ್ಟಿ ಬೆರಳಿಗೆ ಅದರ ಒಂದೊಂದು ಏರು ತಗ್ಗೂ ಪರಿಚಯವಾಗಿತ್ತು. ಇನ್ನೊಂದು ಸುತ್ತು. ಬಿಗಿದಿದ್ದ ಹುಬ್ಬು ಸಡಿಲವಾಯಿತು.

"ನಂದ" ಎಂದಳು.

ಮತ್ತೆ ಗಾಜು ಕೇಳಿದಳು. ಲಿಂಗವನ್ನು ನೋಡಿದಳು, ಮುಟ್ಟಿದಳು, ನೋಡಿದಳು. ಆಮೇಲೆ ತಂಗಿಯ ಮುಖ, ಡಾಕ್ಟರಮ್ಮನ ಮುಖ, ಹುಣಸೆಮರ. ಕೊನೆಗೆ ನನ್ನನ್ನು ಹತ್ತಿರ ಬರಲು ಸನ್ನೆ ಮಾಡಿದಳು. ಗಾಜಿನ ಹಿಂದೆ ಅವಳ ಕಣ್ಣು ಬಾವಿಯಷ್ಟು ದೊಡ್ಡದಾಗಿ ಕಂಡಿತು.

"ದನಿ ಕೇಳಿ ಭಾಳ ದೊಡ್ಡ ಮನುಷ್ಯ ಅಂದುಕೊಂಡಿದ್ದೆ" ಎಂದಳು. "ಈ ಗಾಜಿನ್ಯಾಗ ಎಲ್ಲಾ ದೊಡ್ಡದು ಕಾಣ್ತದಂತ. ಆದ್ರೂ ನೀ ಇಷ್ಟ ಅದೀಯಲ್ಲೋ."

ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರಮ್ಮ ಅವಳೇನು ಅಂದಳು ಎಂದು ನನ್ನನ್ನು ನೋಡಿದರು. ಅದನ್ನೂ ತಿರುಗಿಸಿ ಹೇಳಿದೆ, ಒಂದು ಮಾತೂ ಕಡಿಮೆ ಮಾಡದೆ.

ಅಂದು ಮಧ್ಯಾಹ್ನ ಅದಿರು ಹೊರುವ ಒಬ್ಬ ಕೂಲಿಯವನು ಕಣ್ಣು ತೋರಿಸಲು ಬಂದ. ಅವನ ಮುಂದೆ ಕುಳಿತು ಕರಾರು ಹೇಳಲು ಶುರುಮಾಡಿದೆ. ಅವಳ ಮಂಚ ಎರಡು ಮಾರು ದೂರ. ಅವಳು ಮಾತು ನಿಲ್ಲಿಸಿ ಕಿವಿ ಕೊಟ್ಟದ್ದು ನನಗೆ ಗೊತ್ತಾಯಿತು.

"ಪೂರಾ ಹೇಳು" ಎಂದಳು.

ಪೂರಾ ಹೇಳಿದೆ. ಅವನು ಕೇಳಿ, ತಲೆ ಕೆರೆದುಕೊಂಡು, ಎಂಟು ದಿನ ಬೀಡಿ ಸೇದುವಂತಿಲ್ಲವೇ ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿ, ಅವನು ಕೇಳಿದ್ದನ್ನು ಅವನು ಕೇಳಿದಂತೆಯೇ ಅವರ ಮುಂದೆ ಇಟ್ಟೆ.